ಕುದಿಸಿದ ಕಲ್ಲು

ಸ್ಟೀಮಕ್ಕ ಮೂವತ್ತೊಂದು ವರ್ಷ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕ್ರಿಮಿ ಕೊಂದವಳು. ಆಪರೇಷನ್ ಕೋಣೆಯಿಂದ ರಕ್ತ ಮೆತ್ತಿಕೊಂಡು ಬಂದ ಕತ್ತರಿ, ಚಿಮಟ, ಹಸಿರು ಬಟ್ಟೆಗಳನ್ನೆಲ್ಲ ತೊಳೆದು, ಗಂಟು ಕಟ್ಟಿ, ಬೀರುವಿನಷ್ಟು ಎತ್ತರದ ಆವಿ ಯಂತ್ರದೊಳಗೆ ತಳ್ಳಿ, ಗಂಟಿನ ಮೇಲೆ ಅಂಟಿಸಿದ ಪಟ್ಟಿಯ ಗೆರೆಗಳು ಕಪ್ಪಗಾಗುವ ತನಕ ಬೇಯಿಸುವುದು ಅವಳ ಕೆಲಸವಾಗಿತ್ತು. ಅದಕ್ಕೇ ನರ್ಸುಗಳು ಸ್ಟೀಮಕ್ಕ ಎಂದು ಕರೆಯಲು ಶುರುಮಾಡಿದರು. ಆ ಹೆಸರು ಆಸ್ಪತ್ರೆಯ ಗೇಟು ದಾಟಿ ಬೀದಿಗೂ ಬಂತು, ಕೊನೆಗೆ ಸ್ವಂತ ನಾದಿನಿಯ ಫೋನಿನಲ್ಲೂ ಅದೇ ಹೆಸರು ಕೂತಿತು. ಅವಳು ಕಟ್ಟಿದ ಗಂಟಿನಿಂದ ಒಬ್ಬ ರೋಗಿಗೂ ಸೋಂಕು ತಗುಲಲಿಲ್ಲ ಎಂಬುದು ಅವಳ ಜೀವನದ ಒಂದೇ ಒಂದು ಜಂಬ. ಎರಡೂ ಮುಂಗೈಗಳ ಮೇಲೆ ಯಂತ್ರದ ಬಾಗಿಲು ತಾಗಿ ಸುಟ್ಟ ಕಲೆಗಳಿದ್ದವು, ಅವನ್ನು ಅವಳು ಮುಚ್ಚಿಕೊಂಡವಳೇ ಅಲ್ಲ.

ನಿವೃತ್ತಿಯಾದ ಮೇಲೆ ಆ ಕೈಗಳು ಸುಮ್ಮನಿರಬೇಕಲ್ಲ? ಮನೆ ಮೇಲೆ ಬಿದ್ದವು. ಸೌಟು, ಬಾಚಣಿಗೆ, ಬಾಗಿಲ ಚಿಲಕ, ಕಸದ ಬುಟ್ಟಿಯ ಮುಚ್ಚಳ, ಎಲ್ಲಕ್ಕೂ ವಾರಕ್ಕೊಮ್ಮೆ ಕುದಿನೀರಿನ ಸ್ನಾನ. ಮಲಗುವ ಕೋಣೆಗಂತೂ ಒದ್ದೆ ಕಾಲಲ್ಲಿ ಯಾರೂ ಕಾಲಿಡುವಂತಿಲ್ಲ. ಬಂದ ನೆಂಟರು ಒಂದು ಲೋಟ ನೀರು ಕುಡಿದು ಏಳುವಷ್ಟರಲ್ಲಿ ಅವರು ಕೂತಿದ್ದ ಕುರ್ಚಿಯನ್ನು ಒರೆಸಲು ಬಟ್ಟೆ ಹಿಡಿದು ನಿಂತಿರುತ್ತಿದ್ದಳು. ನೆಂಟರು ಕಡಿಮೆಯಾದದ್ದು ಸಹಜವೇ.

ಗಂಡ ಪ್ಲಂಬರ್. ಆವಿ ಯಂತ್ರದ ಪೈಪು ಸೋರುತ್ತಿದೆಯೆಂದು ಸರಿಮಾಡಲು ಬಂದವನಿಗೆ ಮೂರು ಸಲ ಕೈ ತೊಳೆಸಿ ಒಳಗೆ ಬಿಟ್ಟಿದ್ದಳು. ನಾಲ್ಕನೆಯ ಸಲ ಅವಳು ಹೇಳದೆಯೇ ತೊಳೆದು ಬಂದ, ಮದುವೆ ಅಲ್ಲಿಗೆ ನಿಶ್ಚಯವಾದ ಹಾಗೇ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡುವುದನ್ನು ಯಾವತ್ತೋ ಬಿಟ್ಟಿದ್ದರು. ಅವನು ಹಗಲೆಲ್ಲ ಊರಿನ ಕೊಳಕು ನೀರಿನಲ್ಲಿ ಕೈಯಾಡಿಸಿ ಸಂಜೆ ಬಂದರೆ ಹಿತ್ತಲ ಬಾಗಿಲಲ್ಲೇ ಬಟ್ಟೆ ಬಿಚ್ಚಿಸಿ, ಮೈಮೇಲೆ ಬಿಸಿನೀರು ಸುರಿದು, ಆಮೇಲೆ ಊಟಕ್ಕೆ ಕರೆಯುತ್ತಿದ್ದಳು. ಅವನು ನಗುತ್ತಲೇ ನೆನೆಯುತ್ತಿದ್ದ.

ಆ ನಗು ಒಂದು ದಿನ ನಿಂತುಹೋಯಿತು. ಮೂರನೆಯ ಮಹಡಿಯ ಹೊರಗೋಡೆಗೆ ಪೈಪು ಕೂರಿಸುವಾಗ ಸಾರುವೆಯ ಹಲಗೆ ಜಾರಿ ಕೆಳಗೆ ಬಿದ್ದ. ಬೆನ್ನುಮೂಳೆ ಬಿರುಕು ಬಿಟ್ಟಿತ್ತು, ಮೂರು ತಿಂಗಳಲ್ಲಿ ಕೂಡಿಕೊಂಡಿತು, ಆದರೆ ಅವನು ಏಳಲಿಲ್ಲ. ಗೋಡೆಗೆ ಮುಖ ಮಾಡಿ ಎಂಟು ತಿಂಗಳು ಮಲಗಿದ. ಡಾಕ್ಟರು ಮೂಳೆಗೆ ಈಗ ಏನೂ ಆಗಿಲ್ಲ ಎಂದರು. ಮೂಳೆಗಲ್ಲ, ಇನ್ನೆಲ್ಲಿಗೋ ಆಗಿದೆ ಎಂದು ಅವಳಿಗೆ ಗೊತ್ತಿತ್ತು, ಅದನ್ನು ಕುದಿಸಿ ವಾಸಿಮಾಡುವ ಯಂತ್ರ ಮಾತ್ರ ಅವಳ ಹತ್ತಿರ ಇರಲಿಲ್ಲ. ಆ ಎಂಟು ತಿಂಗಳು ಅವನ ಬೆನ್ನನ್ನೇ ನೋಡಿಕೊಂಡು ಅವಳು ಬದುಕಿದಳು.

ಅವನನ್ನು ಎಬ್ಬಿಸಿದ್ದು ಮೀನು. ಮಲಗಿದಲ್ಲೇ ಫೋನಿನಲ್ಲಿ ಯಾರದೋ ವಿಡಿಯೊ ನೋಡಿದನಂತೆ: ಟ್ಯಾಂಕಿನಲ್ಲಿ ಮೀನು, ಪಕ್ಕದಲ್ಲಿ ಕಲ್ಲು ತುಂಬಿದ ತೊಟ್ಟಿ, ಕಲ್ಲಿನಲ್ಲಿ ತರಕಾರಿ. ಮೀನಿನ ನೀರು ಪಂಪಿನಿಂದ ತೊಟ್ಟಿಗೆ ಏರುತ್ತದೆ, ಗಿಡಗಳು ಬೇಕಾದ್ದನ್ನು ಹೀರಿಕೊಳ್ಳುತ್ತವೆ, ತಿಳಿಯಾದ ನೀರು ಮತ್ತೆ ಮೀನಿಗೆ ಇಳಿಯುತ್ತದೆ. ಮಣ್ಣೇ ಬೇಡ. "ಅವನು ಪೈಪನ್ನ ತಪ್ಪು ಕೂರಿಸಿದಾನೆ ಕಣೇ," ಎಂದ ಗಂಡ, ಎಂಟು ತಿಂಗಳಲ್ಲಿ ಮೊದಲ ಸಲ ಅವಳ ಕಡೆ ತಿರುಗಿ. "ಹೀಗಾದ್ರೆ ವಾರದಲ್ಲಿ ಕಟ್ಕೊಳುತ್ತೆ." ಮಾರನೆಯ ದಿನ ಆ ತಪ್ಪನ್ನು ತೋರಿಸಲಿಕ್ಕೆಂದೇ ಎದ್ದು ಹಿತ್ತಲಿಗೆ ಹೋದ. ಸ್ಟೀಮಕ್ಕ ಅಡುಗೆಮನೆಯಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು.

ನಾಲ್ಕು ತಿಂಗಳಲ್ಲಿ ಹಿತ್ತಲಿನ ರೂಪವೇ ಬದಲಾಯಿತು. ಅರ್ಧ ನೆಲದಲ್ಲಿ ಹೂತ ಎರಡು ಸಾವಿರ ಲೀಟರಿನ ಟ್ಯಾಂಕು, ಕಲ್ಲು ತುಂಬಿದ ಮೂರು ತೊಟ್ಟಿ, ತೊಟ್ಟಿಯಲ್ಲಿ ನೀರು ತುಂಬಿದ ಕೂಡಲೇ ಗಳಗಳನೆ ತಾನಾಗಿ ಬರಿದುಮಾಡುವ ಕೊಳವೆ. ಮೀನು ಕೂಡ ಸಾಮಾನ್ಯದ್ದಲ್ಲ, ಟ್ರೌಟ್. ತಣ್ಣನೆ ನೀರು, ತುಂಬ ಗಾಳಿ, ಎರಡೂ ಇಲ್ಲದಿದ್ದರೆ ಒಂದು ದಿನವೂ ಬಾಳದ ನಾಜೂಕಿನ ಮೀನು. ಸುಲಭದ ಮೀನು ಸಾಕಬಾರದಿತ್ತೇ ಎಂದರೆ, "ಸುಲಭದ್ದಕ್ಕೆ ನಾನ್ಯಾಕೆ ಬೇಕು?" ಎಂದಿದ್ದ. ಹಳೆಯ ವಾಟರ್ ಕೂಲರಿನ ಯಂತ್ರ ಬಿಚ್ಚಿ ನೀರು ತಂಪು ಮಾಡಲು ಇಟ್ಟ. ಟ್ಯಾಂಕಿನ ಸುತ್ತ ಒದ್ದೆ ಗೋಣಿ ಹೊದಿಸಿದ. ಬೆಟ್ಟದ ಮೇಲಿನ ಮರಿ ಸಾಕಣೆ ಕೇಂದ್ರದಿಂದ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮರಿ ತಂದ. ಬದುಕಿದವು ನಲವತ್ತೆರಡು, ಗೇಣುದ್ದ ಆದವು. ಪಾಲಕ್, ಪುದೀನ, ಬೀನ್ಸು ತೊಟ್ಟಿ ತುಂಬ ನಿಂತವು. ಅವನು ದಿನಕ್ಕೆ ಇಪ್ಪತ್ತು ಸಲ ಹಾಸಿಗೆಯಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಹಾಸಿಗೆಗೆ ಓಡಾಡುತ್ತಿದ್ದ.

ಒಂದು ವಿಷಯ ಮಾತ್ರ ಹೆಂಡತಿಗೆ ಹೇಳಲಿಲ್ಲ. ತೊಟ್ಟಿಯ ಕಲ್ಲುಗಳ ಮೇಲೆ ಕಂದು ಬಣ್ಣದ ಲೋಳೆ ಕಟ್ಟಿತ್ತು. ಅದೇನೆಂದು ಅವಳು ಮೂಗು ಮುಚ್ಚಿಕೊಂಡು ಕೇಳಿದಾಗ, "ಏನಿಲ್ಲ, ಬೇರಿಗೆ ಹಿಡ್ಕೊಳೋಕೆ ಕಲ್ಲು ಬೇಕಲ್ಲ, ಅದಕ್ಕೆ ಪಾಚಿ ಕಟ್ಟಿದೆ. ಮುಟ್ಟಬೇಡ," ಎಂದು ಹಾರಿಸಿಬಿಟ್ಟ. ಅದು ಪಾಚಿಯಲ್ಲ, ಕೋಟಿಗಟ್ಟಲೆ ಕ್ರಿಮಿ. ಮೀನು ಬಿಡುವ ವಿಷವನ್ನು ತಿಂದು ಗಿಡಕ್ಕೆ ಗೊಬ್ಬರ ಮಾಡಿಕೊಡುವುದು ಅವೇ, ಇಡೀ ಹಿತ್ತಲು ನಿಂತಿರುವುದು ಅವುಗಳ ಹೆಗಲ ಮೇಲೇ. ಆದರೆ ಕ್ರಿಮಿ ಎಂಬ ಮಾತು ಕಿವಿಗೆ ಬಿದ್ದರೆ ಸ್ಟೀಮಕ್ಕ ಟ್ಯಾಂಕನ್ನೇ ಬೀದಿಗೆ ಎಸೆದಾಳೆಂದು ಅವನಿಗೆ ಹೆದರಿಕೆ. ಒಂದೇ ಸೂರಿನಡಿ ಇಪ್ಪತ್ತೇಳು ವರ್ಷ ಬಾಳಿದವರು ಇಂಥ ಸಣ್ಣ ಸುಳ್ಳುಗಳ ಮೇಲೆಯೇ ಸಂಸಾರ ಸಾಗಿಸುವುದು, ಅದರಲ್ಲಿ ಹೊಸದೇನೂ ಇಲ್ಲ.

ಆಮೇಲೆ ಅವನ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ತೆಗೆಯಲೇಬೇಕು, ದೊಡ್ಡ ಆಪರೇಷನ್, ಆರು ಗಂಟೆ ಪ್ರಯಾಣದ ದೂರದ ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿನ ಸರ್ಜನ್ ಸ್ಟೀಮಕ್ಕನನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು: "ಅಮ್ಮಾ, ನನ್ನ ಕೆಲಸ ಅರ್ಧ. ಇನ್ನರ್ಧ ಅವರು ನಡೆಯೋದು. ಮನೆಗೆ ಹೋದ ಮೇಲೆ ಎದ್ದು ಓಡಾಡಬೇಕು, ಆಳವಾಗಿ ಉಸಿರು ತಗೋಬೇಕು. ಮಲಗಿಬಿಟ್ರೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಆಮೇಲೆ ನಮ್ಮ ಕೈಲೂ ಏನೂ ಇರಲ್ಲ." ಸ್ಟೀಮಕ್ಕ ಹೆದರಲಿಲ್ಲ. ನಡೆಸುವುದಕ್ಕೆ ಮನೆಯಲ್ಲಿ ನಲವತ್ತೆರಡು ಜನ ಇದ್ದಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಆಸ್ಪತ್ರೆಯಲ್ಲಿ ರೋಗಿಯ ಜೊತೆ ಒಬ್ಬರಿಗಷ್ಟೇ ಜಾಗ, ನಾದಿನಿಯ ಮನೆ ಆಸ್ಪತ್ರೆಯ ಹತ್ತಿರವೇ ಇತ್ತು. "ನೀನು ಮೀನಿನ ಹತ್ರ ಇರು, ನನ್ನ ತಂಗಿ ನೋಡ್ಕೋತಾಳೆ," ಎಂದ ಗಂಡ. ಸೋಮವಾರ ಬಸ್ಸು ಹತ್ತುವ ಮುಂಚೆ ಹತ್ತು ಸಲ ಹೇಳಿದ: ದಿನಕ್ಕೆ ಎರಡು ಹಿಡಿ ಆಹಾರ, ಗಾಳಿ ಯಂತ್ರ ನಿಲ್ಲಬಾರದು, ಗೋಣಿ ಒದ್ದೆ ಇರಲಿ, ಬೇರೇನೂ ಮಾಡಬೇಡ. "ಬೇರೇನೂ ಅಂದ್ರೆ ಬೇರೇನೂ," ಎಂದು ಕಿಟಕಿಯಿಂದ ಕೈ ಹೊರಗೆ ಹಾಕಿ ಬೆರಳು ಅಲ್ಲಾಡಿಸಿದ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವನನ್ನು ಒಳಗೆ ಕರೆದುಕೊಂಡು ಹೋದರು. ನಾಲ್ಕು ಗಂಟೆಯಾದರೂ ಬೇಕು ಎಂದಳು ನಾದಿನಿ ಫೋನಿನಲ್ಲಿ. ಸ್ಟೀಮಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಇದೇ ಹೊತ್ತಿಗೆ ಅಲ್ಲಿ ಯಾರೋ ಒಂದು ಗಂಟು ಬಿಚ್ಚುತ್ತಿರುತ್ತಾರೆ, ಅದನ್ನು ಬೇಯಿಸಿದವಳು ಸರಿಯಾಗಿ ಬೇಯಿಸಿದ್ದಾಳೋ ಇಲ್ಲವೋ, ಪಟ್ಟಿ ಕಪ್ಪಾಗಿತ್ತೋ ಇಲ್ಲವೋ, ಆ ಕತ್ತರಿ ಈಗ ತನ್ನ ಗಂಡನ ಹೊಟ್ಟೆಯೊಳಗೆ ಇದೆ. ಎದ್ದಳು, ಕೂತಳು, ಹಿತ್ತಲಿಗೆ ಬಂದಳು. ಕಣ್ಣೆದುರಿಗೆ ಕಂದು ಲೋಳೆ. ನಾಳೆ ಹಸಿಗಾಯ ಹೊತ್ತು ಬರುವ ಮನುಷ್ಯ ಇದರಲ್ಲೇ ಕೈಯಾಡಿಸುತ್ತಾನಲ್ಲ ಎಂಬ ಯೋಚನೆ ಬಂದದ್ದೇ ತಡ, ದೊಡ್ಡ ಹಂಡೆ ಒಲೆಯ ಮೇಲೆ ಕೂತಿತು.

ಮೂರು ತೊಟ್ಟಿಯ ಕಲ್ಲನ್ನೂ ಗಿಡ ಬದಿಗೆ ಸರಿಸಿ ಬಕೆಟ್ಟು ಬಕೆಟ್ಟು ತೆಗೆದು ಕುದಿಸಿದಳು. ಪೈಪುಗಳನ್ನು ಬಿಚ್ಚಿ ಒಳಗೆಲ್ಲ ಬಾಟಲಿ ಬ್ರಷ್ ಹಾಕಿ ತಿಕ್ಕಿದಳು. ಪಂಪಿನ ಸ್ಪಂಜನ್ನು ಹಿಂಡಿ ಹಿಂಡಿ ಬೆಳ್ಳಗೆ ಮಾಡಿದಳು. ಕೈಗೆ ಕೆಲಸ ಸಿಕ್ಕಿದ್ದರಿಂದ ಎದೆ ಹೊಡೆದುಕೊಳ್ಳುವುದು ನಿಂತಿತು. ಮಧ್ಯಾಹ್ನ ಒಂದೂವರೆಗೆ ಫೋನು ಬಂತು: "ಅತ್ತಿಗೆ, ಆಯ್ತು! ಚೆನ್ನಾಗಾಯ್ತಂತೆ!" ಒದ್ದೆ ಕೈಯಲ್ಲೇ ಫೋನು ಹಿಡಿದು ನೆಲಕ್ಕೆ ಕುಸಿದು ಕೂತ ಸ್ಟೀಮಕ್ಕ, ಅಳುತ್ತ ನಗುತ್ತ, "ನಾನೂ ಇಲ್ಲಿ ಕಲ್ಲೆಲ್ಲ ಕುದಿಸಿ ಇಟ್ಟಿದೀನಿ ಕಣೇ, ಬಂದು ನೋಡ್ಲಿ, ಹೆಂಗೆ ಹೊಳೀತಾ ಇದೆ ಅಂತ," ಎಂದಳು.

ಮೂರು ದಿನ ಏನೂ ಆಗಲಿಲ್ಲ. ನೀರು ಕನ್ನಡಿಯಂತಿತ್ತು. ಶುಕ್ರವಾರ ಬೆಳಿಗ್ಗೆ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಒಂದು ತಾನೇ ಎಂದುಕೊಂಡಳು. ಶನಿವಾರ ಐದು. ಉಳಿದವು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತ, ಕಿವಿರು ಕೆಂಪಗೆ ಉಬ್ಬಿಸಿಕೊಂಡು, ಗಾಳಿ ಕೊಳವೆಯ ಬಾಯಿಗೆ ಮುತ್ತಿಕೊಂಡಿದ್ದವು. ಬಿಸಿಯಾಗಿದೆಯೇನೋ ಎಂದು ಮಂಜುಗಡ್ಡೆ ತಂದು ಹಾಕಿದಳು. ಹಸಿವೇನೋ ಎಂದು ಇನ್ನೊಂದು ಹಿಡಿ ಆಹಾರ ಹಾಕಿದಳು, ಅದು ಇದ್ದುದರಲ್ಲೇ ಕೆಟ್ಟದ್ದು ಎಂದು ಗೊತ್ತಾದದ್ದು ಆಮೇಲೆ. ಭಾನುವಾರ ಒಂಬತ್ತು ಸತ್ತವು.

ದಿನಾ ಸಂಜೆ ನಾದಿನಿ ಫೋನನ್ನು ಅಣ್ಣನ ಕಿವಿಗೆ ಹಿಡಿಯುತ್ತಿದ್ದಳು. "ಹೆಂಗಿವೆ?" ಎಂದಷ್ಟೇ ಕೇಳುತ್ತಿದ್ದ, ದನಿ ಬಾವಿಯೊಳಗಿಂದ ಬಂದಂತೆ. "ಚೆನ್ನಾಗಿವೆ ರೀ. ನೀವು ಹುಷಾರು," ಎನ್ನುತ್ತಿದ್ದಳು. ನಲವತ್ತೆರಡರಲ್ಲಿ ಇಪ್ಪತ್ತೇಳು ಉಳಿದ ದಿನವೂ ಅದನ್ನೇ ಹೇಳಿದಳು. ಹೊಲಿಗೆ ಹಸಿ ಇರುವ ಮನುಷ್ಯನಿಗೆ ಹೇಳುವುದು ಹೇಗೆ? ಹೇಳದಿದ್ದರೆ ಮೀನು ಉಳಿಸುವುದು ಹೇಗೆ, ಉಪಾಯ ಗೊತ್ತಿದ್ದವನು ಅವನೊಬ್ಬನೇ. ಮೀನು ಸತ್ತರೆ ಅವನು ಮತ್ತೆ ಗೋಡೆಗೆ ತಿರುಗುತ್ತಾನೆ, ಗೋಡೆಗೆ ತಿರುಗಿದರೆ ಸರ್ಜನ್ ಹೇಳಿದ್ದು ಆಗುತ್ತದೆ. ಈ ಲೆಕ್ಕ ಎತ್ತ ತಿರುಗಿಸಿದರೂ ಅದೇ ಉತ್ತರ ಬರುತ್ತಿತ್ತು. ಸೋಮವಾರ ಬೆಳಿಗ್ಗೆ ಅವಳು ತಡೆಯಲಾರದೆ ತಾನೇ ಫೋನು ಮಾಡಿದಳು.

"ರೀ, ನಾನೊಂದು ತಪ್ಪು ಮಾಡಿದೀನಿ."

"ಗೊತ್ತು," ಎಂದ ಗಂಡ.

ಅವಳಿಗೆ ಅರ್ಥವಾಗಲಿಲ್ಲ. "ಏನು ಗೊತ್ತು?"

"ಕಲ್ಲು ಕುದಿಸಿದ್ದು. ಬುಧವಾರನೇ ತಂಗಿ ಹೇಳಿದ್ಲು, ಅತ್ತಿಗೆ ಎಲ್ಲಾ ಕ್ಲೀನ್ ಮಾಡಿದಾರೆ ಅಂತ ಖುಷಿಯಿಂದ." "ಅದು ಪಾಚಿ ಅಲ್ಲ ಕಣೇ. ಕ್ರಿಮಿ. ಒಳ್ಳೇ ಕ್ರಿಮಿ. ಮೀನು ನೀರಿಗೆ ಬಿಡೋ ವಿಷ, ಅಮೋನಿಯಾನ, ಅವೇ ತಿನ್ನೋದು. ನಿನಗೆ ಹೇಳಿದ್ರೆ ಎತ್ತಿ ಬಿಸಾಕ್ತೀಯ ಅಂತ ಹೇಳಿರಲಿಲ್ಲ."

ಒಳ್ಳೇ ಕ್ರಿಮಿ ಎಂಬ ಮಾತು ಸ್ಟೀಮಕ್ಕನ ನೆಲಮಾಳಿಗೆಗೆ ಮೂವತ್ತೊಂದು ವರ್ಷದಲ್ಲಿ ಇಳಿದು ಬಂದಿರಲಿಲ್ಲ. ಆದರೆ ಅವಳ ಹೊಟ್ಟೆ ಉರಿದದ್ದು ಅದಕ್ಕಲ್ಲ.

"ಬುಧವಾರನೇ ಗೊತ್ತಿತ್ತಾ? ಮತ್ತೆ ಯಾಕ್ರೀ ಬಾಯಿ ಬಿಡ್ಲಿಲ್ಲ? ಬುಧವಾರ ನಲವತ್ತೆರಡೂ ಇದ್ವು!"

"ನೀನು ಒಬ್ಬಳೇ ಇದ್ದೀಯಲ್ಲ ಅಲ್ಲಿ. ಗೊತ್ತಾದ್ರೆ ಏನು ಮಾಡ್ಕೋತೀಯೋ ಅಂತ... ನೀನೇ ಹೇಳ್ತೀಯ ಅಂತ ಕಾದೆ."

ಅವನಿಗೆ ನೋವಾಗಬಾರದೆಂದು ಅವಳು ಸುಮ್ಮನಿದ್ದಳು, ಅವಳಿಗೆ ನೋವಾಗಬಾರದೆಂದು ಅವನು ಸುಮ್ಮನಿದ್ದ, ನಡುವೆ ಸತ್ತದ್ದು ಹದಿನೈದು ಮೀನು. ಸ್ಟೀಮಕ್ಕನಿಗೆ ಫೋನನ್ನು ಗೋಡೆಗೆ ಬಡಿಯಬೇಕು ಅನ್ನಿಸಿತು. ಬಡಿಯಲಿಲ್ಲ, ಕಾಗದ ಪೆನ್ನು ತಂದಳು.

ಅವನು ತುಂಡು ತುಂಡಾಗಿ ಹೇಳಿದ. ಆಹಾರ ಪೂರ್ತಿ ನಿಲ್ಲಿಸು. ದಿನಕ್ಕೆರಡು ಸಲ ಕಾಲು ಭಾಗ ನೀರು ತೆಗೆದು ಹೊಸದು ಹಾಕು, ನಲ್ಲಿ ನೀರನ್ನು ಹಾಗೇ ಹಾಕಬೇಡ, ಅದರಲ್ಲಿ ಕ್ಲೋರಿನ್ ಇರುತ್ತೆ, ಒಂದು ದಿನ ತೆರೆದಿಟ್ಟು ತಣ್ಣಗೆ ಮಾಡಿ ಹಾಕು. ಕಪಾಟಿನಲ್ಲಿ ಹನಿ ಹಾಕಿ ನೋಡುವ ಬಾಟಲಿ ಇದೆ, ಗಾಜಿನ ಕೊಳವೆಯ ನೀರು ಹಳದಿಯಾದರೆ ಸರಿ, ಹಸಿರಾದರೆ ವಿಷ. "ಪೈಪ್ ಒಳಗೆ ತೊಳೆದಿಲ್ಲ ತಾನೆ? ಅಲ್ಲಿ ಸ್ವಲ್ಪ ಉಳಿದಿರುತ್ತೆ."

"ಬ್ರಷ್ ಹಾಕಿ ತೊಳೆದೆ."

"ಸ್ಪಂಜು?"

"ಬೆಳ್ಳಗಾಗಿದೆ."

"ಮೂಲೆಮನೆ ಟೀಚರ್ ಹತ್ರ ಹೋಗು. ಅವರು ಒಂದು ಸಣ್ಣ ತೊಟ್ಟಿ ಮಾಡ್ಕೊಂಡಿದಾರೆ. ಶುರುಮಾಡೋಕೆ ನಮ್ಮ ಕಲ್ಲೇ ಎರಡು ಬಕೆಟ್ ಕೊಟ್ಟಿದ್ದೆ, ನಿನಗೆ ಗೊತ್ತಿಲ್ಲದ ಹಾಗೆ. ವಾಪಸ್ ಕೇಳು. ತೊಳೀಬೇಡ," ಎಂದ.

ಮೂಲೆಮನೆ ಟೀಚರ್ ಎಂದರೆ ನಿವೃತ್ತ ಡ್ರಾಯಿಂಗ್ ಟೀಚರ್. ಒಂಟಿ ಹೆಂಗಸು, ಏಳು ಬೆಕ್ಕು, ಕಸ ಗುಡಿಸುವುದು ಮನಸ್ಸು ಬಂದಾಗ. ಅವರ ಮನೆಗೆ ಹೋಗಿ ಬಂದರೆ ಚಪ್ಪಲಿಗೂ ಸ್ನಾನ ಮಾಡಿಸಬೇಕು ಎಂದು ಸ್ಟೀಮಕ್ಕ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು, ಅದು ಟೀಚರ್ ಕಿವಿಗೂ ಬಿದ್ದು ಮೂರು ವರ್ಷದಿಂದ ಮಾತಿರಲಿಲ್ಲ. ಈಗ ಬಕೆಟ್ಟು ಹಿಡಿದು ಅದೇ ಬಾಗಿಲಲ್ಲಿ ನಿಂತಳು.

"ನಿಮ್ಮ ಹತ್ರ ಕೊಳೆ ಇದ್ಯಂತೆ, ಸ್ವಲ್ಪ ಕೊಡ್ತೀರಾ?" ಎಂದು ಕೇಳಬೇಕಾಗಿ ಬಂದ ಸ್ಥಿತಿಯನ್ನು ಯಾರಾದರೂ ಊಹಿಸಿಕೊಳ್ಳಲಿ. ಅವಳು ಕೇಳಿದ್ದು ಹೆಚ್ಚುಕಡಿಮೆ ಹಾಗೇ, ನಾಲಿಗೆ ತೊದಲುತ್ತ. ಟೀಚರ್ ಕನ್ನಡಕ ಏರಿಸಿ ಮೇಲಿಂದ ಕೆಳಗೆ ನೋಡಿದರು. ಇವಳ ಕಣ್ಣು ಊದಿತ್ತು, ಮೂರು ದಿನದಿಂದ ತಲೆ ಬಾಚಿರಲಿಲ್ಲ.

"ಒಳಗೆ ಬನ್ನಿ," ಎಂದರು. "ಚಪ್ಪಲಿ ಹಾಕ್ಕೊಂಡೇ ಬನ್ನಿ, ನಮ್ಮಲ್ಲಿ ನಡಿಯುತ್ತೆ."

ಅದೊಂದೇ ಚುಚ್ಚು. ಆಮೇಲೆ ಅವರೇ ತೋಳು ಮಡಚಿ, ತಮ್ಮ ತೊಟ್ಟಿಯ ಅರ್ಧ ಕಲ್ಲನ್ನು ಬಗೆದು ಬಕೆಟ್ಟಿಗೆ ತುಂಬಿದರು, ಒಣಗಬಾರದೆಂದು ಮೇಲೆ ಒದ್ದೆ ಬಟ್ಟೆ ಹೊದಿಸಿದರು, ಇನ್ನೊಂದು ಬಕೆಟ್ಟು ತಾವೇ ಹೊತ್ತು ಜೊತೆಗೆ ಬಂದರು. ಸ್ಟೀಮಕ್ಕ ಬರಿಗೈಯಲ್ಲಿ ಆ ಲೋಳೆಗಲ್ಲುಗಳನ್ನು ಒಂದೊಂದಾಗಿ ತನ್ನ ಹೊಳೆಯುವ ಕಲ್ಲುಗಳ ನಡುವೆ ಇಟ್ಟಳು. ಬೆರಳ ಸಂದಿಯಲ್ಲಿ ಕಂದು ನೀರು ಇಳಿಯಿತು. ಒರೆಸಿಕೊಳ್ಳಲು ಹೆದರಿದಳು, ಅದರಲ್ಲೂ ನಾಲ್ಕು ಒಳ್ಳೆಯವು ಇದ್ದರೆ?

ಆದರೆ ಎರಡು ಬಕೆಟ್ಟು ಕಲ್ಲು ಎರಡು ಸಾವಿರ ಲೀಟರಿಗೆ ಎಲ್ಲಿ ಸಾಲುತ್ತದೆ. ಕ್ರಿಮಿಗಳು ಬೆಳೆಯಲು ವಾರಗಳು ಬೇಕು, ಮೀನಿಗೆ ಅಷ್ಟು ದಿನ ಇರಲಿಲ್ಲ. ಗಾಜಿನ ಕೊಳವೆಯ ನೀರು ದಿನಾ ಹಸಿರೇ. ಅವಳು ಮನೆಯ ಪಾತ್ರೆ, ಕೊಡ, ಹಂಡೆ, ಎಲ್ಲದರಲ್ಲೂ ನೀರು ತುಂಬಿಸಿ ತೆರೆದಿಟ್ಟಳು, ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳಿಗ್ಗೆ ಐನೂರು ಲೀಟರು, ಮಧ್ಯಾಹ್ನ ಐನೂರು ಲೀಟರು ಎತ್ತಿ ಸುರಿದಳು. ಭುಜ ಎತ್ತಲಾಗದೆ ಹೋದಾಗ ಮಗ್ಗಿನಿಂದ ಸುರಿದಳು. ಸೋಮವಾರ ಸಂಜೆಯಿಂದ ಮಂಗಳವಾರಕ್ಕೆ ಎಂಟು ಸತ್ತವು. ಬುಧವಾರ ಏಳು. ಗುರುವಾರ ಐದು. ಪಾಲಕ್ ಎಲೆಗಳು ಹಳದಿಗೆ ತಿರುಗಿದವು. ಸತ್ತವನ್ನು ಟೀಚರ್ ಬೆಕ್ಕುಗಳಿಗೆಂದು ಒಯ್ದರು, ಆ ವಾರ ಬೀದಿಯಲ್ಲಿ ಸುಖವಾಗಿದ್ದದ್ದು ಆ ಏಳೇ. ಪ್ರತಿ ಸಂಜೆ ಫೋನಿನಲ್ಲಿ ಅವಳು ಸಂಖ್ಯೆ ಹೇಳುತ್ತಿದ್ದಳು, ಇನ್ನು ಸುಳ್ಳು ಬೇಡ ಎಂದು ಇಬ್ಬರೂ ಒಪ್ಪಿದ್ದರು. ಹನ್ನೆರಡು ಎಂದ ದಿನದಿಂದ ಅವನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ. "ಹೂಂ" ಎನ್ನುತ್ತಿದ್ದ, ಅಷ್ಟೆ.

ಶನಿವಾರ ಮನೆಗೆ ಬಂದ. ಉಳಿದದ್ದು ನಾಲ್ಕು. ಕಾರಿನಿಂದ ಇಳಿದವನು ಹಿತ್ತಲ ಕಡೆ ನೋಡಲೂ ಇಲ್ಲ. ತಂಗಿಯ ಹೆಗಲ ಮೇಲೆ ಕೈ ಹಾಕಿ ನೇರ ಮಲಗುವ ಕೋಣೆಗೆ ಹೋಗಿ, ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಮಲಗಿ, ಗೋಡೆಗೆ ಮುಖ ಮಾಡಿದ. ಆ ಬೆನ್ನು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾದಿನಿ ಮಾರನೆಯ ದಿನ ಊರಿಗೆ ಹೊರಟಳು.

ನಾಲ್ಕು ದಿನ ಅವಳು ಮಾಡದ ಕಸರತ್ತಿಲ್ಲ. ಬೈದಳು, ಬೇಡಿಕೊಂಡಳು, ಊಟ ಬಿಡುತ್ತೇನೆ ಎಂದಳು, ಬಿಟ್ಟಳು ಕೂಡ. ಮೂತ್ರಕ್ಕೆಂದು ಎದ್ದವನು ಮೂರು ಹೆಜ್ಜೆ ಹಾಕಿ ಮತ್ತೆ ಮಲಗುತ್ತಿದ್ದ. "ನಾಳೆ" ಎನ್ನುತ್ತಿದ್ದ. ಮಂಗಳವಾರ ಕೆಮ್ಮು ಶುರುವಾಯಿತು, ಕೆಮ್ಮಿದರೆ ಹೊಲಿಗೆ ಎಳೆಯುತ್ತದೆಂದು ಅದನ್ನೂ ನುಂಗಿಕೊಳ್ಳುತ್ತಿದ್ದ. ಬುಧವಾರ ಪಕ್ಕದ ಬೀದಿಯ ಡಾಕ್ಟರು ಬಂದು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಹುಬ್ಬು ಗಂಟಿಕ್ಕಿದರು. "ಶ್ವಾಸಕೋಶದ ಕೆಳಗಡೆ ಶಬ್ದ ಬರ್ತಿದೆ. ಇವತ್ತೇ ಎಬ್ಬಿಸಿ ಓಡಾಡಿಸಿ. ಇಲ್ಲ ಅಂದ್ರೆ ನಾಳೆ ಆಂಬುಲೆನ್ಸ್ ಕರೀಬೇಕಾಗುತ್ತೆ," ಎಂದು ಅವಳಿಗೆ ಹೇಳಿದರು, ಅವನಿಗೂ ಕೇಳಿಸುವ ಹಾಗೆ.

ಡಾಕ್ಟರು ಹೋದ ಮೇಲೆ ಸ್ಟೀಮಕ್ಕ ಹಾಸಿಗೆಯ ಅಂಚಿನಲ್ಲಿ ಕೂತಳು. "ಏಳ್ರೀ. ಹಿತ್ತಲವರೆಗೆ ಬನ್ನಿ ಸಾಕು."

"ಏನಿದೆ ಹಿತ್ತಲಲ್ಲಿ?"

"ನಾಲ್ಕಿವೆ."

"ನಾಲ್ಕು," ಎಂದ ಗೋಡೆಗೆ. "ನಿನ್ನ ಮೇಲೆ ಸಿಟ್ಟಿಲ್ಲ ಕಣೇ. ನಂಗೆ ಆಗ್ತಿಲ್ಲ. ಇನ್ನೊಂದ್ಸಲ ಮೊದಲಿಂದ ಶುರು ಮಾಡೋದು ಅಂದ್ರೆ... ಆಗಲ್ಲ. ಬಿಟ್ಬಿಡು."

ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಸಿಟ್ಟಿಗೆ ಅವಳ ಹತ್ತಿರ ಉತ್ತರವಿತ್ತು. ಅವಳು ಎದ್ದು ಹೊರಗೆ ಬಂದಳು, ಟ್ಯಾಂಕಿನ ಮುಂದೆ ನಿಂತಳು. ಇವನು ಸಾಯುತ್ತಾನೆ, ನಾನು ಕುದಿಸಿದ ಕಲ್ಲಿನಿಂದ ಸಾಯುತ್ತಾನೆ ಎಂದು ಬಾಯಿಬಿಟ್ಟೇ ಅಂದಳು. ಕೇಳಲು ಅಲ್ಲಿ ನಾಲ್ಕು ಮೀನು ಬಿಟ್ಟು ಯಾರೂ ಇರಲಿಲ್ಲ. ಆಮೇಲೆ ಅವಳು ಏನೂ ಯೋಚಿಸಲಿಲ್ಲ. ಬಟ್ಟೆ ನೆನೆಸುವ ನೀಲಿ ಟಬ್ಬನ್ನು ಟ್ಯಾಂಕಿಗೆ ಅದ್ದಿ ಅರ್ಧ ನೀರು ತುಂಬಿದಳು, ಬಲೆ ಹಾಕಿದಳು, ಎಲ್ಲಕ್ಕಿಂತ ದೊಡ್ಡ ಮೀನನ್ನು ಹಿಡಿದು ಟಬ್ಬಿಗೆ ಬಿಟ್ಟಳು, ಎತ್ತಿ ಸೊಂಟಕ್ಕಾನಿಸಿ ಒಳಗೆ ನಡೆದಳು. ಒದ್ದೆ ಕಾಲಲ್ಲಿ, ಕಂದು ನೀರು ಸುರಿಸುತ್ತ, ನಡುಮನೆ ದಾಟಿ, ಮಲಗುವ ಕೋಣೆಯೊಳಗೆ ಹೋಗಿ ಹಾಸಿಗೆಯ ಪಕ್ಕದಲ್ಲಿ ಕುಕ್ಕಿದಳು. ನೀರು ಹೊದಿಕೆಗೆ ಹಾರಿತು.

ಅವನು ಬೆಚ್ಚಿ ಈ ಕಡೆ ತಿರುಗಿದ. ಟಬ್ಬಿನಲ್ಲಿ ಮೀನು ಗಿರ್ರನೆ ಒಂದು ಸುತ್ತು ಹಾಕಿ, ಅಂಚಿಗೆ ಮೂತಿ ತಾಗಿಸಿ ನಿಂತಿತು. ಕಿವಿರು ಬಡಿದುಕೊಳ್ಳುತ್ತಿತ್ತು.

"ಏನಿದು?"

"ಮೀನು."

"ಗಾಳಿ ಇಲ್ವಲ್ಲೇ ಅದಕ್ಕೆ! ಹತ್ತು ನಿಮಿಷ ಬದುಕಲ್ಲ!"

"ಗೊತ್ತು," ಎಂದು ಸ್ಟೀಮಕ್ಕ ನೆಲದ ಮೇಲೆ, ಆ ನೀರಿನಲ್ಲೇ, ಗೋಡೆಗೊರಗಿ ಕೂತಳು. "ಮೂವತ್ತೆಂಟು ನಾನು ಕೊಂದೆ. ಇದನ್ನ ನಾನು ಕೊಲ್ಲಲ್ಲ, ಉಳಿಸೋದೂ ಇಲ್ಲ. ನನ್ನ ಕೈಲಿ ಇನ್ನು ಎತ್ತೋಕಾಗಲ್ಲ. ನೀವೇ ನೋಡ್ಕೊಳ್ಳಿ."

"ತಮಾಷೆ ಮಾಡಬೇಡ. ತಗೊಂಡ್ ಹೋಗು."

ಅವಳು ಕೈ ಕಟ್ಟಿಕೊಂಡಳು. ಮೀನು ಮೇಲಕ್ಕೆ ಬಂದು ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಹೊರಗೆ ತೊಟ್ಟಿಯ ನೀರು ಗಳಗಳನೆ ಇಳಿಯುವುದು ಕೇಳುತ್ತಿತ್ತು. ಅವಳಿಗೆ ಎದ್ದು ಟಬ್ಬು ಎತ್ತಿಕೊಂಡು ಓಡಬೇಕು ಅನ್ನಿಸುತ್ತಿತ್ತು, ಉಗುರನ್ನು ಅಂಗೈಗೆ ಒತ್ತಿ ಹಿಡಿದು ಕೂತಿದ್ದಳು. ಇದೂ ತಪ್ಪಾದರೆ ಮುಂದೆ ಅವಳ ಹತ್ತಿರ ಏನೂ ಉಳಿದಿರಲಿಲ್ಲ. ಮೀನು ಒಂದು ಪಕ್ಕಕ್ಕೆ ವಾಲತೊಡಗಿತು.

"ನಿಂಗೆ ತಲೆ ಕೆಟ್ಟಿದೆ!" ಎಂದು ಅವನು ಕೂಗಿದ. ಕೂಗಿದ್ದಕ್ಕೆ ಕೆಮ್ಮು ಬಂತು, ಹೊಟ್ಟೆಗೆ ದಿಂಬು ಒತ್ತಿಕೊಂಡು ಪೂರ್ತಿ ಕೆಮ್ಮಿದ, ನಿನ್ನೆಯಿಂದ ನುಂಗಿದ್ದೆಲ್ಲ ಹೊರಗೆ ಬಂತು. ಕಾಲು ಕೆಳಗಿಳಿಸಿದ. ಮಂಚದ ಕಂಬ ಹಿಡಿದು ಎದ್ದ. "ಆ ಕಡೆ ಹಿಡಿ! ಹಿಡಿಯೇ! ನಂಗೆ ಭಾರ ಎತ್ತಬೇಡ ಅಂದಿದಾರೆ!"

ಅವಳು ಒಂದು ಕಡೆ ಹಿಡಿದಳು, ಭಾರವೆಲ್ಲ ತನ್ನ ಕಡೆಗೆ ವಾಲಿಸಿಕೊಂಡಳು. ಅವನು ಇನ್ನೊಂದು ಅಂಚನ್ನು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹೊಟ್ಟೆ ಒತ್ತಿಕೊಂಡು, ಬಗ್ಗಿದ ಬೆನ್ನಲ್ಲಿ ಹೆಜ್ಜೆ ಹಾಕಿದ. ಹೆಜ್ಜೆಗೊಂದು ಬೈಗುಳ. ಅಷ್ಟು ತಂಪಿನ ನೀರಿನಿಂದ ಯಾರಾದರೂ ಹೀಗೆ ತೆಗೆಯುತ್ತಾರಾ, ಬಲೆ ಒದ್ದೆ ಮಾಡಿದೆಯಾ ಇಲ್ಲವಾ, ಮೆಲ್ಲಗೆ ನಡಿ, ನೀರು ಚೆಲ್ಲುತ್ತೆ, ನಿನಗೆ ಮೀನು ಒಪ್ಪಿಸಿದ ನನಗೆ ಹೊಡೆಯಬೇಕು. ಬೈಯಲು ಉಸಿರು ಬೇಕಲ್ಲ, ನಿಂತು ನಿಂತು ಎದೆ ತುಂಬ ಎಳೆದುಕೊಂಡ. ಸ್ಟೀಮಕ್ಕನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಹಿತ್ತಲಿಗೆ ಬಂದು ಟಬ್ಬನ್ನು ಟ್ಯಾಂಕಿನ ಅಂಚಿಗೆ ಬಾಗಿಸಿದರು. ಮೀನು ಜಾರಿ ಒಳಗೆ ಹೋಯಿತು, ಒಂದು ಕ್ಷಣ ಓರೆಯಾಗಿ ತೇಲಿತು, ಗಾಳಿ ಕೊಳವೆಯ ಕೆಳಗೆ ಹೋಗಿ ನೆಟ್ಟಗಾಯಿತು.

ಆ ಮೀನು ಉಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಸ್ಟೀಮಕ್ಕ ಎದ್ದಾಗ ಹಾಸಿಗೆ ಖಾಲಿಯಿತ್ತು. ಹಿತ್ತಲಿಗೆ ಓಡಿದಳು. ಅವನು ಟ್ಯಾಂಕಿನ ಪಕ್ಕ ಬಗ್ಗಿ ನಿಂತು, ಒಂದು ಕೈಯಲ್ಲಿ ಹೊಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಸತ್ತ ಮೀನನ್ನು ಬಲೆಯಿಂದ ಎತ್ತುತ್ತಿದ್ದ.

"ಮೂರು ಉಳಿದ್ವು," ಎಂದ, ಅವಳ ಕಡೆ ತಿರುಗಿ. "ಇನ್ನು ಈ ಕಡೆ ನೀನು ಬರಬೇಡ. ನಾನೇ ಇರ್ತೀನಿ ಇಲ್ಲಿ."

ಅವಳು ಆಗಲಿ ಎಂದು ತಲೆ ಅಲ್ಲಾಡಿಸಿ, ಅವನಿಗೆ ಕೂರಲು ಸ್ಟೂಲು ತರಲು ಒಳಗೆ ಹೋದಳು.